ಕಿರುಚಿದರೆ ನೋವು ಹೊರಗೆ ಹೋಗುತ್ತಾ?

ಈ ಸಲದ ಪ್ರಶ್ನೆಗಳಲ್ಲೂ ಕಿರುಚಿಸಿ ಮನಸ್ಸಿನ ನೋವು ಕಳೆಯುತ್ತೇವೆ ಅನ್ನುವ ಶಿಬಿರಗಳದ್ದೇ ಜಾಸ್ತಿ. ಎಷ್ಟು ಸಲ ಬರೆದರೂ ಅದೇ ಪ್ರಶ್ನೆ ತಿರುಗಿ ಬರುತ್ತದೆ. ಹಾಗಾಗಿ ಒಂದಕ್ಕೆ ಪೂರ್ತಿ ಬಿಡಿಸಿ ಉತ್ತರಿಸುತ್ತೇನೆ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಶಿಕ್ಷಕಿ, ವಯಸ್ಸು 41. ಎರಡು ವರ್ಷದ ಹಿಂದೆ ಹಿರಿಯೂರಿನ ಹತ್ತಿರ ನಮ್ಮ ಕಾರು ಅಪಘಾತವಾಯಿತು. ಪೆಟ್ಟು ವಾಸಿಯಾಗಿದೆ. ಆದರೆ ಇವತ್ತಿಗೂ ಕಾರಿನಲ್ಲಿ ಕೂತರೆ ಭುಜ ಬಿಗಿಯುತ್ತದೆ. ಯಜಮಾನರು ಓಡಿಸುತ್ತಿದ್ದರೂ ನನ್ನ ಬಲಗಾಲು ಬ್ರೇಕ್ ಒತ್ತುತ್ತದೆ. ಇಸಿಜಿ, ಸ್ಕ್ಯಾನಿಂಗ್ ಎಲ್ಲ ನಾರ್ಮಲ್. ಎರಡು ದಿನದ ಶಿಬಿರಕ್ಕೆ ಹೋದೆ. ಜೋರಾಗಿ ಉಸಿರಾಡಿ, ಕಿರುಚಿ ಅಂದರು. ಬೆರಳು ಜುಮುಜುಮು ಅಂದು ಸೆಟೆದುಕೊಂಡವು. ‘ನೋವು ಹೊರಗೆ ಬರ್ತಿದೆ’ ಅಂದರು. ಅವತ್ತಿನಿಂದ ನಿದ್ದೆಯಿಲ್ಲ. ಇನ್ನೊಂದು ಶಿಬಿರ ಮಾಡಿದರೆ ಸರಿಹೋಗುತ್ತಂತೆ. ಹೋಗಲಾ?

ಉತ್ತರ: ಬೇಡ ಮೇಡಂ. ದಯವಿಟ್ಟು ಹೋಗಬೇಡಿ.

ಮೊದಲು ಬೆರಳಿನ ವಿಷಯ. ಒಂದೇ ಸಮನೆ ಜೋರಾಗಿ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಆಗ ತಲೆ ಸುತ್ತುತ್ತದೆ, ತುಟಿಯ ಸುತ್ತ ಜುಮ್ಮೆನ್ನುತ್ತದೆ, ಬೆರಳು ಸೆಟೆಯುತ್ತವೆ. ಯಾವ ನೋವೂ ಇಲ್ಲದವರು ಹಾಗೆ ಉಸಿರಾಡಿದರೂ ಇದೇ ಆಗುತ್ತದೆ. ಇದನ್ನು ತೋರಿಸಿ ‘ನೋವು ಹೊರಗೆ ಬರ್ತಿದೆ’ ಅನ್ನುವುದು ಜನರ ದೇಹಕ್ಕೆ ಮಾಡುವ ಮೋಸ. ಮೂರ್ಛೆರೋಗ, ಹೃದಯದ ತೊಂದರೆ ಇರುವವರಿಗೆ, ಗರ್ಭಿಣಿಯರಿಗೆ ಇದು ಅಪಾಯ. ಶಿಬಿರದಲ್ಲಿ ಇದನ್ನೆಲ್ಲ ಕೇಳಿದರಾ? ಕೇಳಿರಲಾರರು.

ಕಿರುಚಾಟ ಎಲ್ಲಿಂದ ಬಂತು? ಭಯ, ದುಃಖ ಸ್ನಾಯುಗಳಲ್ಲಿ ಬಿಗಿತವಾಗಿ ಉಳಿಯುತ್ತವೆ ಅಂತ 1930ರ ದಶಕದಲ್ಲಿ ವಿಲ್ಹೆಲ್ಮ್ ರೈಖ್ ಎಂಬ ಮನೋವಿಶ್ಲೇಷಕರು ಹೇಳಿದರು. 1970ರ ಸುಮಾರಿಗೆ ಆರ್ಥರ್ ಜಾನೊವ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಕಿರುಚುವುದನ್ನೇ ಚಿಕಿತ್ಸೆ ಮಾಡಿದರು. ಅದರಿಂದ ಗುಣವಾಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಕೋಪವನ್ನು ದಿಂಬಿಗೆ ಗುದ್ದಿ ತೀರಿಸಿಕೊಂಡರೆ ಅದು ಇಳಿಯುವುದಿಲ್ಲ, ಎಷ್ಟೋ ಸಲ ಏರುತ್ತದೆ. ಶಿಬಿರದವರು ಮಾತ್ರ ಅಲ್ಲೇ ನಿಂತಿದ್ದಾರೆ.

ಈಗ ನಿಮ್ಮ ಬಲಗಾಲು. ಅಪಘಾತದ ಕ್ಷಣದಲ್ಲಿ ದೇಹ ತನ್ನನ್ನು ಉಳಿಸಿಕೊಳ್ಳಲು ಏನೋ ಮಾಡಹೊರಟಿತ್ತು. ಆ ಅಪಾಯ ಮುಗಿದಿದೆ ಅನ್ನುವುದು ದೇಹಕ್ಕೆ ಇನ್ನೂ ಗೊತ್ತಾಗಿಲ್ಲ. ದೇಹದ ಮೂಲಕ ಚಿಕಿತ್ಸೆ ಮಾಡುವವರು ಇಲ್ಲಿಂದಲೇ ಶುರುಮಾಡುತ್ತಾರೆ, ಆದರೆ ಬಹಳ ನಿಧಾನವಾಗಿ. ಮೊದಲು ಕುರ್ಚಿಗೆ ಬೆನ್ನು ತಾಗಿದೆ, ಪಾದ ನೆಲದ ಮೇಲಿದೆ ಅಂತ ಗಮನಿಸುತ್ತೀರಿ. ಆಮೇಲೆ ಕಾರಿನ ನೆನಪನ್ನು ಒಂದು ಚೂರು ಮಾತ್ರ ತರುತ್ತೀರಿ. ಭುಜ ಬಿಗಿಯಿತು ಅಂದ ಕೂಡಲೇ ಮತ್ತೆ ಪಾದಕ್ಕೆ ಬರುತ್ತೀರಿ. ಕಾಲು ಒತ್ತಬೇಕು ಅಂದರೆ ನಿಧಾನವಾಗಿ ಒತ್ತಲು ಬಿಡುತ್ತಾರೆ. ಒಂದು ಗಂಟೆಯಲ್ಲಿ ಇಷ್ಟೇ ಆದರೂ ಸಾಕು.

ಕೆಲವರಿಗೆ ಇದನ್ನೆಲ್ಲ ಮಾತಿನಲ್ಲಿ ಹೇಳಲು ಬರುವುದಿಲ್ಲ. ದೊಡ್ಡ ಹಾಳೆಯಲ್ಲಿ ಮೈಯ ಆಕಾರ ಬರೆದು, ಬಿಗಿ ಇರುವ ಜಾಗಕ್ಕೆ ಒಂದು ಬಣ್ಣ, ಹಗುರ ಇರುವ ಜಾಗಕ್ಕೆ ಇನ್ನೊಂದು ಬಣ್ಣ ಹಾಕಲು ಹೇಳುತ್ತೇನೆ. ಭುಜಕ್ಕೆಲ್ಲ ಕೆಂಪು ಹಾಕಿದವರೇ ಅಂಗೈ ಖಾಲಿ ಬಿಟ್ಟು, ‘ಇಲ್ಲಿ ಏನೂ ಆಗ್ತಿಲ್ಲ’ ಅನ್ನುತ್ತಾರೆ. ನಮಗೆ ಬೇಕಾಗಿದ್ದು ಆ ಅಂಗೈ. ಅಲ್ಲಿಂದ ಕೆಲಸ ಶುರು. 1940ರ ದಶಕದಲ್ಲಿ ವಾಷಿಂಗ್ಟನ್‌ನ ಮಾನಸಿಕ ಆಸ್ಪತ್ರೆಯಲ್ಲಿ ಮರಿಯನ್ ಚೇಸ್ ಎಂಬ ನೃತ್ಯಗಾರ್ತಿ, ಮಾತು ಬಿಟ್ಟಿದ್ದ ರೋಗಿಗಳ ಜೊತೆ ಕೆಲಸ ಮಾಡಿದರು. ರೋಗಿಯ ಸಣ್ಣ ಚಲನೆಯನ್ನು ತಾವೂ ಮಾಡಿ, ‘ನಿನ್ನನ್ನು ನೋಡಿದ್ದೇನೆ’ ಅಂತ ತಿಳಿಸುತ್ತಿದ್ದರು. ನೃತ್ಯ ಚಿಕಿತ್ಸೆ ಬೆಳೆದದ್ದು ಹಾಗೆ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಇಂಥ ಮಾನಸಿಕ ಆಘಾತ ಗುಣಪಡಿಸುವುದರಲ್ಲಿ ಹೆಚ್ಚು ಪುರಾವೆ ಇರುವುದು ಆಘಾತಕ್ಕೆಂದೇ ರೂಪಿಸಿದ ಸಿಬಿಟಿ (ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ) ಮತ್ತು ಇಎಂಡಿಆರ್ (ನೆನಪು ತಂದುಕೊಳ್ಳುತ್ತಾ ಕಣ್ಣು ಆಚೀಚೆ ಆಡಿಸುವ ಚಿಕಿತ್ಸೆ) ಚಿಕಿತ್ಸೆಗಳಿಗೆ. ದೇಹದ ಚಿಕಿತ್ಸೆಗಳ ಅಧ್ಯಯನಗಳು ಇನ್ನೂ ಸಣ್ಣವು. ಹಾಗಾಗಿ ನಾನು ಇದನ್ನು ಅವುಗಳ ಜೊತೆಗೆ ಬಳಸುತ್ತೇನೆ.

ಚಿಕಿತ್ಸೆಯಲ್ಲಿ ಮೈ ಮುಟ್ಟುವ ಬಗ್ಗೆ ನಾನು ತುಂಬಾ ಬಿಗಿ. ಕಲಿಯುವಾಗ ಒಬ್ಬ ತರಬೇತುದಾರರು ಕೇಳದೆ ನನ್ನ ಬೆನ್ನ ಮೇಲೆ ಕೈ ಇಟ್ಟರು. ಉಸಿರೇ ನಿಂತಂತಾಯಿತು. ‘ಬೇಡ’ ಅನ್ನಲು ಬಾಯಿ ಬರಲಿಲ್ಲ. ಅದಕ್ಕೇ ನಾನು ಯಾರನ್ನೂ ಮುಟ್ಟುವುದಿಲ್ಲ. ಬೇರೆಯವರು ಮುಟ್ಟಬಹುದು, ಆದರೆ ಪ್ರತಿ ಸಲ ಕೇಳಿಯೇ ಮುಟ್ಟಬೇಕು. ಬೇಡ ಅಂದಾಗ ‘ನಿಮ್ಮಲ್ಲಿ ತಡೆ ಇದೆ’ ಅಂದರೆ ಎದ್ದು ಬನ್ನಿ.

ಈ ವಾರವೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡಿ, ನಿದ್ದೆಯ ವಿಷಯ ಮೊದಲು ಹೇಳಿ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಅಂತ ಕೇಳಿ. ಕೇಳಲು ಸಂಕೋಚ ಬೇಡ.

ಪ್ರಶ್ನೆ: ನೃತ್ಯ ಥೆರಪಿ ಶುರುಮಾಡಿದ್ದೇನೆ, ಖಿನ್ನತೆಯ ಮಾತ್ರೆ ಬಿಡಬಹುದಾ? (ಚಿತ್ರದುರ್ಗ)

ಉತ್ತರ: ನೀವಾಗಿ ಬಿಡಬೇಡಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಮೂರು ದಿನದ ಆರ್ಟ್ ಥೆರಪಿ ಸರ್ಟಿಫಿಕೇಟ್ ಪಡೆದಿದ್ದೇನೆ. ಕ್ಲಿನಿಕ್ ತೆರೆಯಬಹುದಾ?

ಉತ್ತರ: ಖಂಡಿತ ಇಲ್ಲ. ಮಕ್ಕಳಿಗೆ ಚಿತ್ರಕಲೆ ಹೇಳಿಕೊಡಿ, ಅದು ಒಳ್ಳೆಯ ಕೆಲಸ.

ಪ್ರಶ್ನೆ: ಐದು ವರ್ಷದ ಮಗ ಬರೀ ಕಪ್ಪು ಬಣ್ಣ ಬಳಿಯುತ್ತಾನೆ. ಖಿನ್ನತೆಯಾ?

ಉತ್ತರ: ಬಣ್ಣ ನೋಡಿ ಮನಸ್ಸು ಓದುತ್ತೇವೆ ಅನ್ನುವವರನ್ನು ನಂಬಬೇಡಿ. ಊಟ, ನಿದ್ದೆ, ಆಟ ಸರಿಯಾಗಿದೆಯಾ ನೋಡಿ. ಮತ್ತೆ ಪಕ್ಕದಲ್ಲಿ ಕೂತು ‘ಇದೇನು ಕಂದಾ?’ ಅಂತ ಅವನನ್ನೇ ಕೇಳಿ.