ಬ್ರೂನೋನ ಕೆರೆತ: ಊಟ ಬದಲಿಸುವ ಮೊದಲು ಚಿಗಟ ಹುಡುಕಿ

ಮೇಡಂ, ನಿಮ್ಮ ಪೋಸ್ಟ್, ಅದರ ಕೆಳಗಿನ ಕಾಮೆಂಟ್ ಎಲ್ಲ ಓದಿದೆ. ಈಗ ಬಂದವರಿಗೆ ವಿಷಯ ಇಷ್ಟು: ಸಾಗರದ ಹತ್ತಿರ ತೋಟದ ಮನೆ, ಮೂರು ವರ್ಷದ ಲ್ಯಾಬ್ (ಲ್ಯಾಬ್ರಡಾರ್) ನಾಯಿ ಬ್ರೂನೋ, ಐದು ತಿಂಗಳಿಂದ ಕೆರೆತ. ಬಾಲದ ಬುಡದಲ್ಲಿ ಕೂದಲು ಹೋಗಿದೆ, ಕಿವಿ ವಾಸನೆ ಬರುತ್ತದೆ, ಮುಂಗಾಲು ನೆಕ್ಕುತ್ತಾನೆ. ಇಂಜೆಕ್ಷನ್ ಕೊಡಿಸಿದರೆ ಮೂರು ವಾರ ಆರಾಮ, ಆಮೇಲೆ ಮತ್ತೆ ಅದೇ ಕಥೆ. ಅಷ್ಟರಲ್ಲಿ ಮೂರು ಬ್ರ್ಯಾಂಡ್ ಫುಡ್ ಬದಲಾಗಿದೆ. ಈಗ ಗ್ರೇನ್ ಫ್ರೀ, ಅಂದರೆ ಧಾನ್ಯ ಹಾಕದ ಫುಡ್ ತರಲಾ ಅಂತ ಕೇಳಿದ್ದೀರಿ.

ತರಬೇಡಿ. ಸದ್ಯಕ್ಕೆ ಹೊಸದಾಗಿ ಏನನ್ನೂ ತರಬೇಡಿ. ಇವತ್ತು ಫುಡ್, ನಾಳೆ ಶಾಂಪೂ, ನಾಡಿದ್ದು ಬೇವಿನ ಎಣ್ಣೆ ಅಂತ ಹೋದರೆ ನವೆ ಕಡಿಮೆಯಾದರೂ ಯಾವುದರಿಂದ ಅಂತ ಗೊತ್ತಾಗುವುದಿಲ್ಲ, ಜಾಸ್ತಿಯಾದರೂ ಗೊತ್ತಾಗುವುದಿಲ್ಲ. ಒಂದೊಂದನ್ನೇ ಹಿಡಿದು ಕಳೆಯುತ್ತಾ ಬರಬೇಕು. ಮೊದಲು ಮೈಮೇಲಿನ ಹುಳ, ಆಮೇಲೆ ಚರ್ಮದ ಸೋಂಕು, ಆಮೇಲೆ ಊಟ. ಗಾಳಿ ಧೂಳಿನ ಅಲರ್ಜಿ ಕೊನೆಗೆ. ನಾನು ಡಾಕ್ಟರ್ ಅಲ್ಲ, ವರ್ಷಗಳಿಂದ ನಾಯಿ ಸಾಕಿಕೊಂಡು ಬಂದವನು ಅಷ್ಟೇ. ಆದರೆ ಚರ್ಮದ ಬಗ್ಗೆ ಚೆನ್ನಾಗಿ ತಿಳಿದ ಯಾವ ಡಾಕ್ಟರನ್ನು ಕೇಳಿದರೂ ಇದೇ ಕ್ರಮ ಹೇಳುತ್ತಾರೆ.

ಆ ಇಂಜೆಕ್ಷನ್ ವಿಷಯ ಮೊದಲು. ಮೂರು ವಾರ ತಣ್ಣಗಾಗಿ ಮತ್ತೆ ಶುರುವಾಗುತ್ತದೆ ಅಂದರೆ ಅದು ಬಹುಶಃ ಮೈಯಲ್ಲಿ ವಾರಗಟ್ಟಲೆ ಉಳಿಯುವ ಸ್ಟೀರಾಯ್ಡ್. ಹೆಸರು ಬರೆಸಿಕೊಳ್ಳಿ. ಸ್ಟೀರಾಯ್ಡ್ ಕೆಟ್ಟದ್ದು ಅಂತ ಹೇಳುತ್ತಿಲ್ಲ, ನಾಯಿ ರಾತ್ರಿಯೆಲ್ಲ ಚರ್ಮ ಹರಿದುಕೊಳ್ಳುವಾಗ ಬೇಕೇ ಬೇಕು. ಆದರೆ ಅದು ಚಿಗಟದ ನವೆಯನ್ನೂ ಅಡಗಿಸುತ್ತದೆ, ಊಟದ ಅಲರ್ಜಿಯನ್ನೂ ಅಡಗಿಸುತ್ತದೆ. ಇಂಜೆಕ್ಷನ್‌ಗೆ ಬಗ್ಗಿತು ಅನ್ನುವುದರಿಂದ ಕಾರಣದ ಬಗ್ಗೆ ಏನೂ ತಿಳಿಯುವುದಿಲ್ಲ. ಪದೇ ಪದೇ ಕೊಟ್ಟರೆ ನೀರು ಕುಡಿಯುವುದು, ಉಚ್ಚೆ ಹೊಯ್ಯುವುದು, ಹಸಿವು ಎಲ್ಲ ಏರುತ್ತದೆ. ಹಸಿವು ಮೊದಲೇ ಜಾಸ್ತಿ ಇರುವ ಲ್ಯಾಬ್‌ಗೆ ಇದೊಂದು ಬೇರೆ!

ಇನ್ನು ಎಲ್ಲಿ ಕೆರೆದುಕೊಳ್ಳುತ್ತಾನೆ ನೋಡಿ. ಅರ್ಧ ಉತ್ತರ ಅಲ್ಲೇ ಇರುತ್ತದೆ. ಸೊಂಟದ ಹಿಂದೆ, ಬಾಲದ ಬುಡ, ಹಿಂದಿನ ತೊಡೆ ಅಂದರೆ ಮೊದಲ ಅನುಮಾನ ಚಿಗಟದ ಮೇಲೆ. ಕಿವಿಯ ಅಂಚು, ಮೊಣಕೈ, ಹೊಟ್ಟೆ ಅಂದರೆ ಕಜ್ಜಿ ಹುಳ. ಪಾದ, ಮುಖ, ಕಂಕುಳು, ಕಿವಿಯ ಒಳಗೆ ಅಂದರೆ ಊಟದ್ದೋ ಧೂಳಿನದ್ದೋ ಅಲರ್ಜಿ ಇರಬಹುದು. ಬ್ರೂನೋಗೆ ಬಾಲದ ಬುಡವೂ ಇದೆ, ಪಾದ ಕಿವಿಯೂ ಇದೆ. ಹಾಗಾಗಿ ಎರಡು ತೊಂದರೆ ಒಟ್ಟಿಗೆ ಇರುವ ಸಾಧ್ಯತೆ ಇದೆ. ಇದು ಅಪರೂಪವೇನಲ್ಲ.

"ಚಿಗಟ ಇಲ್ಲ, ನೋಡಿದ್ದೇನೆ" ಅಂತ ಬರೆದಿದ್ದೀರಿ. ಕಣ್ಣಿಗೆ ಬೀಳದಿರುವುದು ಬೇರೆ, ಇಲ್ಲದಿರುವುದು ಬೇರೆ. ಚಿಗಟದ ಎಂಜಲಿಗೆ ಅಲರ್ಜಿ ಇರುವ ನಾಯಿಗೆ ನಾಲ್ಕು ಕಡಿತ ಸಾಕು. ಅಷ್ಟು ಹೊತ್ತಿಗೆ ಕಚ್ಚಿ ನೆಕ್ಕಿ ಚಿಗಟವನ್ನೇ ನುಂಗಿರುತ್ತದೆ. ಹೀಗೆ ಮಾಡಿ. ಬಿಳಿ ಟಿಶ್ಯೂ ಪೇಪರ್ ಒದ್ದೆ ಮಾಡಿ ನೆಲಕ್ಕೆ ಹಾಸಿ, ಬ್ರೂನೋನ ಹಿಂಭಾಗವನ್ನು ಅದರ ಮೇಲೆ ತಂದು ನಿಲ್ಲಿಸಿ. ಬಾಲದ ಬುಡದ ಕೂದಲನ್ನು ಹೇನಿನ ಬಾಚಣಿಗೆಯಿಂದ ಚರ್ಮಕ್ಕೆ ತಾಗುವ ಹಾಗೆ ಎಳೆದು, ಬಂದದ್ದನ್ನು ಪೇಪರ್ ಮೇಲೆ ಕೊಡವಿ. ಮೆಣಸಿನ ಪುಡಿಯಂಥ ಕಪ್ಪು ಚೂರು ಬೀಳುತ್ತವೆ. ಒಂದೆರಡು ನಿಮಿಷ ಬಿಡಿ. ಕಪ್ಪಾಗಿಯೇ ಉಳಿದರೆ ಮಣ್ಣು. ಸುತ್ತ ಕೆಂಪು ಕಂದು ಬಣ್ಣ ಬಿಟ್ಟುಕೊಂಡರೆ ಅದು ಚಿಗಟದ ಹಿಕ್ಕೆ, ಅಂದರೆ ನಿಮ್ಮ ನಾಯಿಯದೇ ರಕ್ತ. ಸ್ನಾನ ಮಾಡಿಸಿದ ದಿನ ನೋಡಬೇಡಿ, ಎಲ್ಲ ತೊಳೆದು ಹೋಗಿರುತ್ತದೆ.

ಕೆಂಪು ಬಂತು ಅಂತಿಟ್ಟುಕೊಳ್ಳಿ. ನಾಯಿಗೆ ಮಾತ್ರೆ ಹಾಕಿದರೆ ಮುಗಿಯಲಿಲ್ಲ. ಒಂದು ಹೆಣ್ಣು ಚಿಗಟ ದಿನಕ್ಕೆ 40–50 ಮೊಟ್ಟೆ ಇಡುತ್ತದೆ. ಮೊಟ್ಟೆ ಮೈಮೇಲೆ ನಿಲ್ಲುವುದಿಲ್ಲ, ನಾಯಿ ಮಲಗುವ ಕಡೆಯೆಲ್ಲ ಉದುರುತ್ತದೆ. ಮರಿ ಕತ್ತಲೆ ಜಾಗದಲ್ಲಿ ಬೆಳೆದು ಗೂಡು ಕಟ್ಟಿಕೊಳ್ಳುತ್ತದೆ. ಆ ಗೂಡಿನೊಳಗೆ ತಿಂಗಳುಗಟ್ಟಲೆ ಕಾಯಬಲ್ಲದು. ಮಲೆನಾಡಿನ ಮನೆಯಲ್ಲಿ ಈ ಜಾಗ ಯಾವುದು ಅಂತ ನಿಮಗೇ ಗೊತ್ತು: ಬಚ್ಚಲ ಒಲೆಯ ಪಕ್ಕದ ಮೂಲೆ, ಕೊಟ್ಟಿಗೆಯ ಹಾಸು, ಜಗಲಿ ಕೆಳಗಿನ ಗೋಣಿಚೀಲ, ಅಡಿಕೆ ಸಿಪ್ಪೆಯ ರಾಶಿ. ಅವನ ಚೀಲ, ಬಟ್ಟೆ ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಹಾಕಿ. ಮೂಲೆ ಮೂಲೆ ಗುಡಿಸಿ, ಬಂದ ಕಸ ಸುಡಿ. ಮದ್ದು ಕನಿಷ್ಠ ಮೂರು ತಿಂಗಳು ತಪ್ಪದೆ ನಡೆಯಬೇಕು. ಮನೆಯ ಬೇರೆ ನಾಯಿಗೂ ಬೆಕ್ಕಿಗೂ ಒಟ್ಟಿಗೇ ಆಗಬೇಕು.

ನೆಕ್ಸ್‌ಗಾರ್ಡ್, ಸಿಂಪಾರಿಕಾ ತಿಂಗಳಿಗೊಮ್ಮೆ ಕೊಡುವ ಮಾತ್ರೆ. ಬ್ರೇವೆಕ್ಟೋ ಚಿಗಟಕ್ಕೆ 12 ವಾರ ಬರುತ್ತದೆ. ತೂಕ ನೋಡಿಯೇ ಕೊಡಬೇಕು, ಹಿಂದೆ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಬೆಕ್ಕಿನ ವಿಷಯದಲ್ಲಿ ಜೋಪಾನ: ನಾಯಿಗೆಂದು ಮಾರುವ ಪರ್ಮೆಥ್ರಿನ್ ಹನಿಮದ್ದು ಬೆಕ್ಕಿಗೆ ವಿಷ, ಜೀವ ಹೋಗಬಹುದು. ಬೆಕ್ಕಿಗೆ ಅದರದೇ ಮದ್ದು ತನ್ನಿ. ಹಾಗೆಯೇ ದನದ ಉಣ್ಣೆಗೆ ತಂದಿಟ್ಟ ಅಮಿಟ್ರಾಜ್, ಡೆಲ್ಟಾಮೆಥ್ರಿನ್ ಬಾಟಲಿಯನ್ನು ಅಂದಾಜಿನ ಮೇಲೆ ನೀರಿಗೆ ಬೆರೆಸಿ ನಾಯಿ ಮೇಲೆ ಸುರಿಯಬೇಡಿ. ಕಾಮೆಂಟಲ್ಲಿ ಒಬ್ಬರು ಸುಟ್ಟ ಎಂಜಿನ್ ಆಯಿಲ್ ಅಂದಿದ್ದಾರೆ. ದಯವಿಟ್ಟು ಬೇಡ. ಚರ್ಮ ಸುಡುತ್ತದೆ, ಅದರ ಮೇಲೆ ನಾಯಿ ನೆಕ್ಕಿ ಹೊಟ್ಟೆಗೂ ಹೋಗುತ್ತದೆ.

ಕಜ್ಜಿ ಹುಳಕ್ಕೆ ಮನೆಯಲ್ಲೇ ನೋಡುವ ಒಂದು ಗುರುತಿದೆ. ಕಿವಿಯ ತುದಿಯನ್ನು ಮಡಚಿ ಬೆರಳಲ್ಲಿ ಉಜ್ಜಿ. ಆ ಕಡೆಯ ಹಿಂಗಾಲು ತಾನಾಗಿ ಕೆರೆಯುವ ಹಾಗೆ ಆಡಿದರೆ ಕಜ್ಜಿಯ ಅನುಮಾನ ಬಲವಾಗುತ್ತದೆ. ಮನೆಯವರಿಗೆ ಕೈ, ಹೊಟ್ಟೆ ಮೇಲೆ ನವೆಯ ಗುಳ್ಳೆ ಎದ್ದಿದೆಯಾ ಅಂತಲೂ ಕೇಳಿ, ಇದು ಮನುಷ್ಯರಿಗೂ ಹತ್ತುತ್ತದೆ. ಚರ್ಮ ಕೆರೆದು ಮೈಕ್ರೋಸ್ಕೋಪಲ್ಲಿ ನೋಡಿದಾಗ ಹುಳ ಸಿಗದಿದ್ದರೂ ಕಜ್ಜಿ ಇಲ್ಲ ಅಂತಲ್ಲ, ಎಷ್ಟೋ ಸಲ ಸಿಗುವುದೇ ಇಲ್ಲ. ಮೇಲೆ ಹೇಳಿದ ಮಾತ್ರೆಗಳ ಜಾತಿಯೇ ಇದಕ್ಕೂ ಕೆಲಸ ಮಾಡುವುದರಿಂದ ಅನುಮಾನ ಇದ್ದರೆ ಡಾಕ್ಟರ್ ಸುಮ್ಮನೆ ಮದ್ದು ಶುರು ಮಾಡಿ ನೋಡುತ್ತಾರೆ. ಡೆಮೊಡೆಕ್ಸ್ ಬೇರೆ ಹುಳ. ಅದರಲ್ಲಿ ಮೊದಲು ಕೂದಲು ಹೋಗುತ್ತದೆ, ನವೆ ಆಮೇಲೆ. ಸ್ಟೀರಾಯ್ಡ್ ಕೊಟ್ಟರೆ ಅದು ಉಲ್ಬಣವಾಗುತ್ತದೆ, ಆದ್ದರಿಂದ ಮುಂದಿನ ಇಂಜೆಕ್ಷನ್‌ಗೆ ಮೊದಲು ಚರ್ಮ ಕೆರೆದು ನೋಡಿ ಅಂತ ಕೇಳಿಯೇ ಕೇಳಿ.

ಕಿವಿಯ ವಾಸನೆ, ಬೆರಳ ಸಂದಿಯ ಕಂದು ಬಣ್ಣ ನೋಡಿದರೆ ಯೀಸ್ಟ್, ಅಂದರೆ ಒಂದು ಬಗೆಯ ಶಿಲೀಂಧ್ರ, ಸೇರಿಕೊಂಡ ಹಾಗಿದೆ. ಮಲಸೇಜಿಯಾ ಅಂತಾರೆ. ಹಳಸಿದ ಎಣ್ಣೆಯಂಥ ವಾಸನೆ, ಜಿಡ್ಡು, ಹಳೆಯದಾದರೆ ಕಪ್ಪಾಗಿ ದಪ್ಪಗಾದ ಚರ್ಮ. ಮಳೆಗಾಲದಲ್ಲಿ ಲ್ಯಾಬ್‌ನ ಒಳಗೂದಲು ಬೇಗ ಒಣಗುವುದೇ ಇಲ್ಲ, ಯೀಸ್ಟಿಗೆ ಹಬ್ಬ. ಯೀಸ್ಟೂ ಬ್ಯಾಕ್ಟೀರಿಯಾವೂ ಸಾಮಾನ್ಯವಾಗಿ ತಾವಾಗಿ ಬರುವುದಿಲ್ಲ, ಬೇರೆ ಕಾರಣಕ್ಕೆ ಕೆಟ್ಟ ಚರ್ಮದ ಮೇಲೆ ಬಂದು ಕೂರುತ್ತವೆ. ಆದರೆ ಕೂತ ಮೇಲೆ ಅವೇ ದೊಡ್ಡ ನವೆ ಕೊಡುತ್ತವೆ. ಸೆಲ್ಲೋಟೇಪ್ ಅಂಟಿಸಿ ತೆಗೆದು, ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡಿದರೆ ಅಲ್ಲೇ ಗೊತ್ತಾಗುತ್ತದೆ. ನಿಮಗೆ ಹತ್ತಿರದ ಕ್ಲಿನಿಕ್ಕಲ್ಲಿ ಇದಿಲ್ಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಮ್ಮೆ ಕರೆದುಕೊಂಡು ಹೋಗುವುದು ಒಳ್ಳೆಯದು. ಯೀಸ್ಟ್ ಅಂತಾದರೆ ಕ್ಲೋರ್‌ಹೆಕ್ಸಿಡಿನ್, ಮೈಕೊನಜೋಲ್ ಇರುವ ಶಾಂಪೂ ಬರೆದುಕೊಡುತ್ತಾರೆ. ಹಚ್ಚಿದ ತಕ್ಷಣ ತೊಳೆದರೆ ದುಡ್ಡು ದಂಡ, ಗಡಿಯಾರ ನೋಡಿ 10 ನಿಮಿಷ ಮೈಮೇಲೆ ಬಿಡಿ. ಕಿವಿಗೆ ಅಂಗಡಿಯಿಂದ ಏನಾದರೂ ತಂದು ಸುರಿಯಬೇಡಿ, ತಮಟೆ ತೂತಾಗಿದ್ದರೆ ಕಷ್ಟ. ಡಾಕ್ಟರ್ ಇಣುಕಿ ನೋಡಲಿ.

ಇಷ್ಟಾಗಿ, ಚಿಗಟವೂ ಸೋಂಕೂ ಹೋದ ಮೇಲೂ ಕೆರೆತ ಉಳಿದರೆ ಆಗ ಊಟ. ಧಾನ್ಯದ ಮೇಲೆ ಎಲ್ಲರಿಗೂ ಯಾಕಿಷ್ಟು ಸಿಟ್ಟೋ ಗೊತ್ತಿಲ್ಲ. 2016ರಲ್ಲಿ ಬಂದ ಒಂದು ವಿಮರ್ಶೆಯಲ್ಲಿ ಊಟದ ಅಲರ್ಜಿ ಖಚಿತವಾದ 297 ನಾಯಿಗಳ ಲೆಕ್ಕ ಇದೆ: ದನದ ಮಾಂಸ 34%, ಹಾಲಿನ ಪದಾರ್ಥ 17%, ಕೋಳಿ 15%, ಗೋಧಿ 13%. ಗೋಧಿ ಇದೆ, ಆದರೆ ಹಾಲು ಕೋಳಿಯ ನಂತರ. ನಿಮ್ಮ ಬ್ರೂನೋ ತಿನ್ನುವುದು ಮೊಸರನ್ನ, ಭಾನುವಾರ ಕೋಳಿ, ಜೊತೆಗೆ ಕೋಳಿ ಹಾಕಿದ ಫುಡ್. ಬದಲಿಸಿದ ಮೂರೂ ಬ್ರ್ಯಾಂಡಿನ ಚೀಲದ ಹಿಂದೆ ಸಣ್ಣ ಅಕ್ಷರ ಓದಿ. ಮೂರರಲ್ಲೂ ಕೋಳಿ ಇದ್ದರೆ ನೀವು ಬದಲಿಸಿದ್ದು ಚೀಲ ಮಾತ್ರ. ಗ್ರೇನ್ ಫ್ರೀ ಚೀಲದಲ್ಲೂ ಕೋಳಿ ಇರಬಹುದು, ಅಲ್ವಾ?

ರಕ್ತ, ಕೂದಲು, ಎಂಜಲು ಕಳಿಸಿ ಊಟದ ಅಲರ್ಜಿ ಪತ್ತೆ ಮಾಡುವ ಟೆಸ್ಟ್‌ಗಳನ್ನು ನಂಬುವ ಹಾಗಿಲ್ಲ. ದಾರಿ ಒಂದೇ: ಅವನು ಹುಟ್ಟಿದಾಗಿನಿಂದ ತಿನ್ನದ ಒಂದು ಮಾಂಸ, ತಿನ್ನದ ಒಂದು ಗೆಡ್ಡೆ, ಅಷ್ಟೇ, 8 ವಾರ. ಮೀನು ತಿಂದಿಲ್ಲ ಅಂದರೆ ಮೀನು ಮತ್ತು ಗೆಣಸು, ಉಪ್ಪು ಮಸಾಲೆ ಈರುಳ್ಳಿ ಇಲ್ಲದೆ ಬೇಯಿಸಿದ್ದು, ಮುಳ್ಳು ತೆಗೆದದ್ದು. ಮನೆಯಲ್ಲಿ ಮೀನು ಬೇಯಿಸುವುದು ಆಗದಿದ್ದರೆ ಪ್ರೋಟೀನನ್ನು ಚೂರು ಮಾಡಿ ತಯಾರಿಸಿದ ಹೈಡ್ರೊಲೈಸ್ಡ್ ಫುಡ್ ಡಾಕ್ಟರ್ ಬರೆದುಕೊಡುತ್ತಾರೆ. ದುಬಾರಿ, ಆದರೆ ಕೆಲಸ ಮಾಡುತ್ತದೆ. ಪ್ರಮಾಣವನ್ನೂ ಅವರನ್ನೇ ಕೇಳಿ.

ಈ 8 ವಾರ ಕೆಡುವುದು ಅಡುಗೆಮನೆಯಲ್ಲಲ್ಲ, ಜಗಲಿಯಲ್ಲಿ. ಅಜ್ಜಿ ಕಾಫಿ ಕುಡಿದು ಲೋಟದ ತಳದ ಹಾಲು ನೆಕ್ಕಿಸುತ್ತಾರೆ. ಮಕ್ಕಳು ಬಿಸ್ಕತ್ತು ಕೊಡುತ್ತಾರೆ. ತೋಟದ ಕೆಲಸದವರು ಊಟದ ಬುತ್ತಿ ಬಿಚ್ಚಿದರೆ ಇವನು ಮೊದಲು ಹಾಜರು. ಕೊಟ್ಟಿಗೆಯಲ್ಲಿ ಕರೆಯುವಾಗ ಚೆಲ್ಲಿದ ಹಾಲು, ಬೆಕ್ಕಿನ ತಟ್ಟೆ, ರುಚಿ ಸೇರಿಸಿದ ಜಂತುಹುಳದ ಮಾತ್ರೆ, ಎಲ್ಲ ಲೆಕ್ಕಕ್ಕೆ ಬರುತ್ತದೆ. ಮನೆಯವರನ್ನೆಲ್ಲ ಕೂರಿಸಿ ಹೇಳಿ. ಆಗದಿದ್ದರೆ ಊಟದ ಹೊತ್ತಿಗೆ ಕಟ್ಟಿಹಾಕಿ. ನವೆ ಇಳಿಯಿತು ಅಂತಲೂ ಅಲ್ಲಿಗೇ ನಿಲ್ಲಿಸಬೇಡಿ. ಹಳೇ ಊಟ ಮತ್ತೆ ಕೊಡಬೇಕು. ಎರಡು ವಾರದೊಳಗೆ ಕೆರೆತ ವಾಪಸ್ ಬಂದರೆ ಮಾತ್ರ ಊಟವೇ ಕಾರಣ ಅಂತ ಖಾತ್ರಿ. ನವೆಯ ಮಾತ್ರೆ ನಡೆಯುತ್ತಿದ್ದರೆ ಕೊನೆಯ ವಾರಗಳಲ್ಲಿ ಅದಿಲ್ಲದೆ ನೋಡಬೇಕು, ಇಲ್ಲದಿದ್ದರೆ ಮಾತ್ರೆಯ ಪುಣ್ಯ ಮೀನಿಗೆ ಹೋಗುತ್ತದೆ.

ಊಟವೂ ಅಲ್ಲ ಅಂದರೆ ಉಳಿಯುವುದು ಅಟೋಪಿ, ಅಂದರೆ ಮನೆಧೂಳಿನ ನುಸಿ, ಹೂವಿನ ಪರಾಗ, ಬೂಷ್ಟು ಇಂಥದ್ದಕ್ಕೆ ಅಲರ್ಜಿ. ಹೆಚ್ಚಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಶುರುವಾಗುತ್ತದೆ. ಲ್ಯಾಬ್, ಗೋಲ್ಡನ್, ಪಗ್, ಶಿಟ್ಜುಗಳಲ್ಲಿ ಜಾಸ್ತಿ ನೋಡುತ್ತೇವೆ. ಇದು ವಾಸಿಯಾಗಿ ಹೋಗುವುದಲ್ಲ, ಹತೋಟಿಯಲ್ಲಿ ಇಡುವುದು. ಹೊರಗಿಂದ ಬಂದ ಮೇಲೆ ಪಾದ, ಹೊಟ್ಟೆ ತೊಳೆದು ಒರೆಸಿ. ಅಪೊಕ್ವೆಲ್ ಅನ್ನುವ ಮಾತ್ರೆಯನ್ನು ಒಂದು ವರ್ಷ ತುಂಬಿದ ನಾಯಿಗೆ ಡಾಕ್ಟರ್ ಬರೆದರೆ ಕೊಡಬಹುದು, ನವೆ ಬೇಗ ಇಳಿಸುತ್ತದೆ. ಚರ್ಮದ ಟೆಸ್ಟ್ ಮಾಡಿ ಅದರ ಮೇಲೆ ಲಸಿಕೆ ಕೊಡುವ ಚಿಕಿತ್ಸೆಯೂ ಇದೆ, ತಿಂಗಳುಗಟ್ಟಲೆ ತಾಳ್ಮೆ ಬೇಕು.

ಇವತ್ತಿನಿಂದ ಒಂದು ನೋಟ್‌ಬುಕ್ ಇಡಿ. ದಿನಾ ರಾತ್ರಿ ನವೆಗೆ ಹತ್ತಕ್ಕೆ ಎಷ್ಟು ಅಂತ ಒಂದು ಅಂಕಿ, ಪಕ್ಕದಲ್ಲಿ ಏನು ತಿಂದ, ಯಾವ ಮದ್ದು, ಎಲ್ಲಿ ಮಲಗಿದ್ದ. ಮುಖ ಊದಿಕೊಂಡರೆ, ಚರ್ಮ ಕೀವು ಕಟ್ಟಿ ಮಂಕಾಗಿ ಊಟ ಬಿಟ್ಟರೆ ಇದೆಲ್ಲ ಬಿಟ್ಟು ಅವತ್ತೇ ಡಾಕ್ಟರ್ ಹತ್ತಿರ ಓಡಿ.

ಟಿಶ್ಯೂ ಪೇಪರ್ ಪರೀಕ್ಷೆ ಮಾಡಿ ಅದರ ಫೋಟೋ ಇಲ್ಲೇ ಹಾಕಿ. ಜೊತೆಗೆ ಇಂಜೆಕ್ಷನ್ ಹೆಸರು, ಕೊನೆಯ ಸಲ ಕೊಡಿಸಿದ ತಾರೀಖು, ಮನೆಯಲ್ಲಿ ಎಷ್ಟು ಬೆಕ್ಕು ಇವೆ ಅನ್ನೋದನ್ನೂ ಬರೆಯಿರಿ.