ಮೊಬೈಲ್ ಬಂದ ಮೇಲೆ ಗಂಡ-ಹೆಂಡಿರ ಪ್ರೀತಿ ಕೆಟ್ಟಿತೇ?

ಮೊಬೈಲು, ಸಿಟಿ ಕೆಲಸ ಬಂದ ಮೇಲೆ ಮೊದಲಿನ ಪ್ರೀತಿ, ಹೊಂದಾಣಿಕೆ ಉಳಿದಿಲ್ಲ ಅಂತಾರೆ, ನಿಜವಾ ಅಂತ ಕೇಳಿದೀರಿ. ನಾನು ಹೊಸನಗರದ ಕಡೆಯವಳು. 1993ರಲ್ಲಿ ಮದುವೆಯಾಗಿ ಅಡಿಕೆ ತೋಟದ ಮನೆ ಸೇರಿದವಳು.

ನನ್ನನ್ನು ನೋಡೋಕೆ ಬಂದ ದಿನ ಕೇಸರಿಬಾತಿನ ತಟ್ಟೆ ಇಟ್ಟು ಒಳಗೆ ಹೋದೆ. ಇವರ ಕಾಲ್ಬೆರಳು ಬಿಟ್ಟು ಬೇರೇನೂ ಕಂಡಿರಲಿಲ್ಲ. "ಹುಡುಗ ಒಪ್ಪಿದಾನೆ" ಅಂತ ಅಪ್ಪ ಬಂದು ಹೇಳಿದರು, ನಿನಗೆ ಒಪ್ಪಿಗೆಯಾ ಅಂತ ಯಾರೂ ಕೇಳಲಿಲ್ಲ. ಹನ್ನೊಂದು ಜನರ ಮನೆ. ನಮ್ಮ ಕೋಣೆಯ ಬಾಗಿಲಿಗೆ ಚಿಲಕವೂ ಇರಲಿಲ್ಲ. ಸುಗ್ಗಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಹನ್ನೆರಡರ ತನಕ ಅಡಿಕೆ ಸುಲಿದು ಮಲಗಿದರೂ, ಮೈ ಸೋತಿದೆ ಅಂತ ಗಂಡನಿಗೆ ಹೇಳಬಹುದು ಅನ್ನೋದೇ ನನಗೆ ಗೊತ್ತಿರಲಿಲ್ಲ. ಇವರು ಕೆಟ್ಟವರಲ್ಲ, ಕೇಳಬೇಕು ಅಂತ ಇವರಿಗೂ ಯಾರೂ ಕಲಿಸಿರಲಿಲ್ಲ. "ಇವತ್ತು ಬೇಡ" ಅಂತ ನಾನು ಮೊದಲ ಸಲ ಅಂದಿದ್ದು ಎರಡನೇ ಮಗು ಆದ ಮೇಲೆ. ಇವರು ಎದ್ದು ಹೋದರು. ಸಿಟ್ಟು ಬಂತೇನೋ ಅಂತ ಹೆದರಿಕೊಂಡು ಕೂತಿದ್ದೆ. ಒಲೆ ಹಚ್ಚಿ, ಒಂದು ಚೊಂಬು ಬಿಸಿನೀರು ಕಾಯಿಸಿ ತಂದುಕೊಟ್ಟರು. ನಮ್ಮ ಪ್ರೀತಿ ಶುರುವಾಗಿದ್ದು ಆ ರಾತ್ರಿ ಅಂತ ನನ್ನ ಲೆಕ್ಕ.

ಹೆಣ್ಣನ್ನೂ ಕೇಳಬೇಕು ಅನ್ನೋದನ್ನ ಮೊಬೈಲು ತಂದಿದ್ದೇನಲ್ಲ. ನಮ್ಮ ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳ್ಳಿಯ ಕುವೆಂಪು ಪುರೋಹಿತರಿಲ್ಲದ, ಗಂಡು-ಹೆಣ್ಣು ಸಮ ಅನ್ನೋ ಮಂತ್ರ ಮಾಂಗಲ್ಯ ರೂಪಿಸಿ, 1966ರಲ್ಲೇ ಮಗ ತೇಜಸ್ವಿಯವರ ಮದುವೆ ಹಾಗೆ ಮಾಡಿಸಿದ್ದರು. ಅಷ್ಟು ಹತ್ತಿರದ ಮಾತು ನಮ್ಮ ಜಗಲಿಗೆ ಬರೋಕೆ ಇಷ್ಟು ವರ್ಷ ಬೇಕಾಯ್ತು.

ಮೊಬೈಲಿಂದ ಒಂದು ಉಪಕಾರ ಆಗಿದೆ. ಬೆಂಗಳೂರಲ್ಲಿರೋ ನನ್ನ ಮಗಳು ಒಬ್ಬ ಹುಡುಗನ ಹತ್ತಿರ ಮೂರು ತಿಂಗಳು ಫೋನಲ್ಲಿ ಮಾತಾಡಿದಳು. ಮಕ್ಕಳು ಯಾವಾಗ, ಅಡುಗೆ ಯಾರದು, ಎಲ್ಲ ಕೇಳಿದಳು. ಕೊನೆಗೆ "ಬೇಡಮ್ಮ" ಅಂದಳು. ನನಗೆ ಎರಡು ದಿನ ಬೇಜಾರಾಯ್ತು, ಆಮೇಲೆ ಸಮಾಧಾನವಾಯ್ತು.

ಕಾನೂನು ಮಾತ್ರ ಇನ್ನೂ ಅರ್ಧದಲ್ಲೇ ಇದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಲೈಂಗಿಕ ಹಿಂಸೆಯೂ ದೌರ್ಜನ್ಯವೇ. ಆದರೆ 2024ರ ಜುಲೈ 1ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲೂ, 18 ತುಂಬಿದ ಹೆಂಡತಿ ಮೇಲೆ ಗಂಡ ಬಲವಂತ ಮಾಡಿದರೆ ಅದನ್ನ ಅತ್ಯಾಚಾರ ಅಂತ ಎಣಿಸಲ್ಲ. ಇದು ನನಗೆ ತುಂಬ ಸಂಕಟ.

ಇನ್ನೊಂದು ಸಂಕಟವೂ ಇದೆ. ನನ್ನ ಅಣ್ಣನ ಮಗನಿಗೆ ಮೂವತ್ತೈದು, ತೋಟ ನೋಡಿಕೊಂಡಿದಾನೆ, ಬಂಗಾರದಂಥ ಹುಡುಗ. ತೋಟದ ಮನೆ ಅಂದ ಕೂಡಲೇ ಹುಡುಗಿಯರು ಬೇಡ ಅಂತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಆ ಮನೆಗಳು ಹೇಗಿದ್ದವು ಅಂತ ನಾನೇ ಬಲ್ಲೆ. ಆದರೆ ಮೊನ್ನೆ ಅವನು "ಅತ್ತೆ, ನಿಮ್ಮ ಮಗಳ ಸಂಬಂಧ ಏನಾಯ್ತು?" ಅಂತ ಕೇಳಿದಾಗ, ಅವಳು ಬೇಡ ಅಂದಳು ಅಂತ ಹೇಳೋಕೆ ಬಾಯೇ ಬರಲಿಲ್ಲ.