ಮಳೆಗಾಲದಲ್ಲೂ ಸೆಕೆಯಾ?

ಐವತ್ತು ದಾಟಿದ ಗಂಡಸರು ಲೈಂಗಿಕ ಸಮಸ್ಯೆಗೆ ಸಲಹೆ ಕೇಳಿ ನನ್ನ ಹತ್ತಿರ ಬರುವುದೇ ಕಡಿಮೆ. ಬಂದವರೂ ಆಗಲೇ ಎಲ್ಲ ತೀರ್ಮಾನ ಮಾಡಿಕೊಂಡೇ ಬಂದಿರುತ್ತಾರೆ, ಹೆಂಡತಿಗೆ ಗೊತ್ತಿಲ್ಲದ ಹಾಗೆ. ಇಂಥದ್ದು ಪದೇ ಪದೇ ಕಾಣುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಇವರು ಬದಿಯಡ್ಕ ಕಡೆಯ ಅಡಿಕೆ ಕೃಷಿಕರು. ವಯಸ್ಸು 56, ಶುಗರ್ ಉಂಟು. ಎರಡು ವರ್ಷದ ಹಿಂದೆ ಶಿಶ್ನದಲ್ಲಿ ಗಂಟು ಕಾಣಿಸಿತು, ನಿಮಿರಿದಾಗ ಮೇಲಕ್ಕೆ ಬಾಗತೊಡಗಿತು. ಆಮೇಲೆ ನಿಮಿರುವುದೇ ಕಷ್ಟವಾಯಿತು. ಮೊದಲು ಹೋದದ್ದು ಬಸ್‌ಸ್ಟ್ಯಾಂಡ್ ಗೋಡೆಯ ಪೋಸ್ಟರಿನವರ ಹತ್ತಿರ. ಹುಡುಗಾಟದ ಹಸ್ತಮೈಥುನವೇ ಕಾರಣ ಅಂತ ಹೆದರಿಸಿ ಲೇಹ್ಯ ಕೊಟ್ಟರಂತೆ. ಶುದ್ಧ ಸುಳ್ಳು. ಇದು ಪೆರೋನಿ ಕಾಯಿಲೆ. 1743ರಲ್ಲೇ ಫ್ರಾನ್ಸಿನ ಸರ್ಜನ್ ಒಬ್ಬರು ಇದನ್ನು ವಿವರಿಸಿದ್ದರು. ಒಳಗಿನ ಪೊರೆ ಒಂದು ಕಡೆ ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತದೆ, ಆ ಕಡೆ ಹಿಗ್ಗುವುದಿಲ್ಲ, ಅದಕ್ಕೇ ಬಾಗುತ್ತದೆ. ಮಾತ್ರೆ, ಇಂಜೆಕ್ಷನ್ ಯಾವುದೂ ನಾಟದೆ, ಮಂಗಳೂರಿನ ಸರ್ಜನ್ ಇಂಪ್ಲಾಂಟ್ ಸೂಚಿಸಿದ್ದರು, ಅಂದರೆ ಆಪರೇಷನ್ ಮಾಡಿ ಶಿಶ್ನದೊಳಗೆ ಕೂರಿಸುವ ಸಾಧನ.

"ಬಗ್ಗಿಸುವ ಕಡ್ಡಿಯದ್ದಾ, ಪಂಪಿನದ್ದಾ, ಯಾವುದು ಹಾಕಿಸುವುದು ಮೇಡಂ?" ಕೂತ ಕೂಡಲೇ ಕೇಳಿದರು. ಉತ್ತರವನ್ನೂ ಅವರೇ ಕೊಟ್ಟರು. "ಪಂಪ್ ಬೇಡ. ತೋಟದ ಪಂಪೇ ವರ್ಷಕ್ಕೆ ಎರಡು ಸಲ ಕೈ ಕೊಡ್ತದೆ."

ನಗು ಬಂತು. ಆದರೆ ಲೆಕ್ಕ ತಪ್ಪಲ್ಲ. ಕಡ್ಡಿಯದ್ದರಲ್ಲಿ ಕೆಡುವ ಭಾಗ ಕಡಿಮೆ, ಖರ್ಚೂ ಕಡಿಮೆ. ಆದರೆ ಯಾವಾಗಲೂ ಗಟ್ಟಿಯಾಗಿಯೇ ಇರುತ್ತದೆ, ಕೆಳಗೆ ಬಗ್ಗಿಸಿ ಇಟ್ಟುಕೊಳ್ಳಬೇಕು. ಮನೆಯಲ್ಲಿ ಲುಂಗಿ ಉಟ್ಟು ಮೊಮ್ಮಗನನ್ನು ಮಡಿಲಲ್ಲಿ ಕೂರಿಸುವವರು ಇದನ್ನು ಯೋಚಿಸಬೇಕು ಅಲ್ವಾ? ಪಂಪಿನದ್ದು ಬೇಕಾದಾಗ ಮಾತ್ರ ಗಟ್ಟಿಯಾಗುತ್ತದೆ. ಪಂಪ್ ವೃಷಣದ ಚೀಲದೊಳಗೆ ಇರುತ್ತದೆ, ಹೊರಗಿನಿಂದ ಬೆರಳಲ್ಲಿ ಒತ್ತಬೇಕು.

ಬೆರಳು ಅಂದಾಗಲೇ ನಾನು ಅವರ ಕೈ ನೋಡಿದ್ದು. ಚಾ ಲೋಟ ಮೇಜಿನ ಮೇಲಿಟ್ಟ ಮೇಲೂ ಉಂಗುರದ ಬೆರಳು ಅಂಗೈಯ ಕಡೆ ಮಡಚಿಕೊಂಡೇ ಇತ್ತು. ಅಂಗೈಯನ್ನು ಮೇಜಿಗೆ ಒತ್ತಿ ಇಡಿ ಅಂದೆ. ಆಗಲಿಲ್ಲ. ಈ ಕಾಯಿಲೆಯ ಕೆಲವರಿಗೆ ಅಂಗೈಯಲ್ಲೂ ಇಂಥದೇ ಗಟ್ಟಿ ಪಟ್ಟಿ ಬೆಳೆಯುತ್ತದೆ. ಹಾಗಾದರೆ ಪಂಪ್ ಒತ್ತುವುದು ಕಷ್ಟ. ಸರ್ಜನ್‌ಗೆ ತೋರಿಸಿದ್ದೀರಾ? ಇಲ್ಲ. ಹೆಂಡತಿಗೆ ಹೇಳಿದ್ದೀರಾ?

"ಹರ್ನಿಯಾ ಆಪರೇಷನ್ ಅಂತ ಹೇಳ್ತೇನೆ."

ಹೆಂಡತಿ ಬಂದು ಮಾತಾಡದೆ ಆಪರೇಷನ್‌ಗೆ ಸಹಿ ಹಾಕಬೇಡಿ ಅಂದೆ. ಸುಮ್ನೆ ತಡ ಮಾಡಿಸಿದಿರಿ ಅಂತ ಒಬ್ಬ ಸಹೋದ್ಯೋಗಿ ಆಮೇಲೆ ನನ್ನನ್ನು ಆಕ್ಷೇಪಿಸಿದರು. ನಿರ್ಧಾರ ಅವರ ದೇಹದ್ದು, ಒಪ್ಪುತ್ತೇನೆ. ಆದರೆ ಇಂಪ್ಲಾಂಟ್ ಹಾಕಿದ ಮೇಲೆ ಹಿಂದಕ್ಕೆ ಹೋಗುವ ದಾರಿ ಇಲ್ಲ. ಒಳಗಿನ ಸಹಜ ಅಂಗಾಂಶ ಹಾಳಾಗುತ್ತದೆ, ಆಮೇಲೆ ತೆಗೆಸಿದರೂ ಮಾತ್ರೆ ಕೆಲಸ ಮಾಡುವುದಿಲ್ಲ. ಬಾಗಿದ್ದು ಬಹುಮಟ್ಟಿಗೆ ನೇರವಾಗುತ್ತದೆ, ಆದರೆ ಕಾಯಿಲೆ ತಿಂದ ಉದ್ದ ವಾಪಸ್ ಬರುವುದಿಲ್ಲ. ಇಷ್ಟನ್ನೆಲ್ಲ ಹರ್ನಿಯಾ ಅಂತ ಎಷ್ಟು ದಿನ ಮುಚ್ಚಿಡುವುದು?

ಮುಂದಿನ ವಾರ ಇಬ್ಬರೂ ಬಂದರು. ಅವರ ಹೆಂಡತಿ ಸೆರಗಿನ ತುದಿ ಮಡಚುತ್ತಾ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ನನಗಲ್ಲ, ನೆಲಕ್ಕೆ ಹೇಳುವ ಹಾಗೆ, "ಎರಡು ವರ್ಷದಿಂದ ಇವರು ಜಗಲಿಯಲ್ಲಿ ಮಲಗ್ತಾರೆ. ಒಳಗೆ ಸೆಕೆ ಅಂದ್ರು. ಮಳೆಗಾಲದಲ್ಲೂ ಸೆಕೆಯಾ ಅಂತ ನಾನು ಕೇಳ್ಲಿಲ್ಲ. ನನ್ನಿಂದ ಎಂತದೋ ಬೇಜಾರಾಗಿದೆ ಅಂತ ತಿಳ್ಕೊಂಡೆ."

ಗಂಡ ತಲೆ ಎತ್ತಲಿಲ್ಲ. ನಾನೂ ಬಾಯಿ ಹಾಕಲಿಲ್ಲ. ಎರಡೂ ಬಗೆಯ ಚಿತ್ರ ತೋರಿಸಿ ಬೆರಳಿನ ವಿಷಯ ಹೇಳಿದ್ದೆ ಅಷ್ಟೆ. ಹೊರಡುವಾಗ ಆಕೆ ಬಾಗಿಲ ಹತ್ತಿರ ನಿಂತರು. "ಮೇಡಂ, ಆ ಪಂಪ್ ನಾನು ಒತ್ತಬಹುದಾ?"

ಇಷ್ಟು ವರ್ಷದಲ್ಲಿ ಆ ಪ್ರಶ್ನೆ ನನಗೇ ಹೊಳೆದಿರಲಿಲ್ಲ. ಒತ್ತಬಹುದು.

ಸೋಂಕಿನ ಭಯ ಇರುವುದರಿಂದ ಶುಗರ್ ಮೊದಲು ಹತೋಟಿಗೆ ಬರಲಿ ಅಂತ ಸರ್ಜನ್ ಹೇಳಿದ್ದಾರೆ. ಮೊನ್ನೆ ಫೋನ್ ಮಾಡಿದ್ದರು. ಮಾದರಿ ಪಂಪನ್ನು ಕೈಗೆ ಕೊಟ್ಟು ನೋಡಿದರಂತೆ. ಇವರಿಂದ ಆಗಲಿಲ್ಲ, ಆಕೆ ಎರಡನೇ ಸಲಕ್ಕೇ ಒತ್ತಿದರಂತೆ. ಯಾವುದು ಅಂತ ಇನ್ನೂ ನಿರ್ಧಾರ ಆಗಿಲ್ಲ.